ಮತ್ತೆ ಸೂಜಿ ಹಿಡಿದೆ

ನಿನ್ನೆ ಬೆಳಿಗ್ಗೆ ಕ್ಯಾತ್ಸಂದ್ರದ ನಮ್ಮ ಟೈಲರ್ ಅಂಗಡಿ ಬಾಗಿಲು ತೆಗೆದೆ. ನಾಲ್ಕು ತಿಂಗಳಾಗಿತ್ತು. ಮಿಷನ್‌ಗೆ ಎಣ್ಣೆ ಬಿಟ್ಟು ಸೂಜಿಗೆ ದಾರ ಪೋಣಿಸಲು ಕೂತೆ. ಆರನೇ ಸಲಕ್ಕೆ ಹೋಯಿತು.

ಮಾರ್ಚ್ ಕೊನೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ. ಬಿಚ್ಚಿದ ಮೇಲೆ ಒಂದು ಗುಂಡುಸೂಜಿ ಎತ್ತಲೂ ಆಗಲಿಲ್ಲ. "ದೇವರು ಕೊಟ್ಟ ಕೈ ಕಣಮ್ಮ ನಿಂದು" ಅಂತ ಜನ ಅಂದಾಗೆಲ್ಲ ಒಳಗೊಳಗೇ ಉಬ್ಬುತ್ತಿದ್ದವಳು ನಾನು. ಆ ಕೈಗೆ ಮುದ್ದೆ ಮುರಿಯಲೂ ಬಾರದ ಹಾಗಾಯಿತು.

ಮೊದಲ ನಮಸ್ಕಾರ ಎದುರಂಗಡಿ ಅಣ್ಣನಿಗೆ. ಗಿರಾಕಿ ವಿಷಯಕ್ಕೆ ನಾವಿಬ್ಬರೂ ಮೂರು ವರ್ಷದಿಂದ ಮಾತು ಬಿಟ್ಟಿದ್ದೆವು. ಮದುವೆ ಸೀಸನ್, ನನ್ನ ಹತ್ತಿರ 14 ಬ್ಲೌಸ್ ಬಾಕಿ. ಅವರೇ ಮನೆಗೆ ಬಂದು "ಅಳತೆ ಬುಕ್ ಕೊಡಮ್ಮ" ಅಂದರು. ಎಲ್ಲ ಹೊಲಿದು, ದಾರ, ಲೈನಿಂಗ್ ದುಡ್ಡು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ತಂದುಕೊಟ್ಟರು. ಒಂದರ ತೋಳು ಬಿಗಿಯಾಯ್ತಂತೆ. ಅವರಿಗೆ ಹೇಳಿರಲಿಲ್ಲ. ಈಗ ಗೊತ್ತಾಗುತ್ತೆ, ಅಲ್ವಾ?

ಜೂನ್ ಬಂದಾಗ ನಿಜವಾಗಿ ಹೆದರಿದೆ. ಸರ್ಕಾರಿ ಶಾಲೆ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಸಿಗುತ್ತೆ, ಹೊಲಿಗೆ ಕೂಲಿ ಮನೆಯವರೇ ಕೊಡಬೇಕು. ಕೈಲಾಗದವರ ಮಕ್ಕಳಿಗೆ ನಾನು ದುಡ್ಡಿಲ್ಲದೆ ಹೊಲಿದುಕೊಡುತ್ತೇನೆ. ಕೊರೊನಾ ಕಾಲ ಬಿಟ್ಟರೆ 2019ರಿಂದ ತಪ್ಪಿಸಿರಲಿಲ್ಲ.

ಅದು ಶುರುವಾದದ್ದು ಹೀಗೆ. ನನ್ನ ತಮ್ಮ ಓದಿದ್ದು ಸಿದ್ಧಗಂಗಾ ಮಠದಲ್ಲಿ. ಊಟಕ್ಕೂ ಇರಲಿಕ್ಕೂ ಯಾರೂ ಒಂದು ರೂಪಾಯಿ ಕೇಳಲಿಲ್ಲ. 2019ರ ಜನವರಿ 21ಕ್ಕೆ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. 111 ವರ್ಷ. ಮಕ್ಕಳ ಊಟ ಆದ ಮೇಲೆಯೇ ಸುದ್ದಿ ತಿಳಿಸಿ ಅಂತ ಮೊದಲೇ ಹೇಳಿದ್ದರಂತೆ. ದರ್ಶನದ ಸಾಲಲ್ಲಿ ನಿಂತಾಗ ಯಾರೋ ಆ ಮಾತು ಹೇಳಿದರು. ನಮಗೆ ಬರೋದು ಹೊಲಿಗೆ ಒಂದೇ. ಸರಿ, ಅದನ್ನೇ ಮಾಡೋಣ ಅಂದುಕೊಂಡೆ.

ಈ ಸಲ ಅದನ್ನು ಮಾಡಿದ್ದು ನಾನಲ್ಲ. ನನ್ನ ಹತ್ತಿರ ಕಲಿತ ಇಬ್ಬರು ಹುಡುಗಿಯರು ನಮ್ಮ ಹಜಾರಕ್ಕೇ ಮಿಷನ್ ತಂದಿಟ್ಟುಕೊಂಡು ಕೂತರು. ನಾನು ಎಡಗೈಯಲ್ಲಿ ಚಾಕ್ ಹಿಡಿದು ಸೊಟ್ಟಸೊಟ್ಟ ಗೆರೆ ಎಳೆಯೋದು, ಅವರು ನಗುತ್ತಾ ನೆಟ್ಟಗೆ ಮಾಡಿಕೊಂಡು ಕತ್ತರಿಸೋದು. 31 ಜೊತೆ ಮುಗಿಸಿದರು. ಕಾಜ, ಗುಂಡಿ ಅತ್ತಿಗೆಯ ಪಾಲು. ನನಗೆ ಜಡೆ ಹಾಕಿ, ಅನ್ನ ಕಲಸಿಕೊಟ್ಟವರೂ ಅವರೇ. ಚಪಾತಿ ಹಿಟ್ಟು ನಾದಿಸಿ ನಾದಿಸಿ ಬೆರಳು ಬಗ್ಗಿಸಿದ ಫಿಸಿಯೋ ಮೇಡಂ, ಆಗ ಬೈದುಕೊಂಡಿದ್ದೆ, ಕ್ಷಮಿಸಿ.

ನಿನ್ನೆಯ ಮೊದಲ ಗಿರಾಕಿ ಆರನೇ ಕ್ಲಾಸಿನ ಹುಡುಗಿ. ಲಂಗದ ಅಂಚು ಬಿಚ್ಚಿಹೋಗಿತ್ತು. ಹೊಲಿದೆ, ಸ್ವಲ್ಪ ಸೊಟ್ಟ ಬಂತು. "ಪರವಾಗಿಲ್ಲ ಬಿಡಿ ಆಂಟಿ" ಅಂದಳು. ಅವಳನ್ನು ಸ್ಟೂಲ್ ಮೇಲೆ ಕೂರಿಸಿ, ಬಿಚ್ಚಿ, ಮತ್ತೆ ಹೊಲಿದುಕೊಟ್ಟೆ.