ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಮೇಲೆ ಒಂದು ತಾರೀಖು ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಜೇವರ್ಗಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುತ್ತೇನೆ. ಕರೆಂಟ್ ಕೆಟ್ಟಷ್ಟೂ ನನಗೆ ಕೆಲಸ ಜಾಸ್ತಿ. ಹಾಗಿದ್ದೂ ಹಳೇ ಲೈನ್ ಸರಿಮಾಡಿ ಅಂತ ನಾನೇ ಬರೆಯುತ್ತಿದ್ದೇನೆ. ಯಾಕೆಂದರೆ ಕಂಬದ ಮೇಲೆ ಏನು ಹಾಳಾಗಿದೆ ಅನ್ನೋದು ಎಷ್ಟೋ ಸಲ ಮೊದಲು ಗೊತ್ತಾಗುವುದು ನನ್ನ ಮೇಜಿನ ಮೇಲೆ.

ಸುಟ್ಟ ಮೋಟಾರ್ ಬಿಚ್ಚಿದಾಗ ಮೂರೂ ಫೇಜಿನ (ಕರೆಂಟ್ ತರುವ ಮೂರು ತಂತಿಯ) ಸುರುಳಿ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಹೆಚ್ಚಾಗಿದೆ, ಇಲ್ಲ ವೋಲ್ಟೇಜ್ ಬಿದ್ದಿದೆ. ಎರಡು ಫೇಜ್ ಕರಕಲಾಗಿ ಮೂರನೆಯದರ ವಾರ್ನಿಷ್ ಇನ್ನೂ ಹೊಳೆಯುತ್ತಿದ್ದರೆ, ದಾರಿಯಲ್ಲಿ ಎಲ್ಲೋ ಒಂದು ಫೇಜ್ ಹೋಗಿದೆ. ಕಂಬದ ಮೇಲೆ ತಂತಿಗೆ ತಂತಿ ಜೋಡಿಸುವ ಜಂಪರ್ ಸಡಿಲವಾಗಿರಬೇಕು, ಇಲ್ಲ ಹಳೇ ತಂತಿ ಕಡಿದಿರಬೇಕು. ಈಚೆಗೆ ನನ್ನ ಹತ್ತಿರ ಬರುವುದು ಈ ಎರಡನೇ ಥರದ ಮೋಟಾರುಗಳೇ ಜಾಸ್ತಿ. ರೈತರದ್ದೂ ತಪ್ಪಿದೆ, ಇಲ್ಲ ಅನ್ನುವುದಿಲ್ಲ. ಒಂದು ಫೇಜ್ ಹೋದರೆ ಮೋಟಾರ್ ನಿಲ್ಲಿಸಲು ಸ್ಟಾರ್ಟರಿನಲ್ಲಿರುವ ಪ್ರಿವೆಂಟರ್ ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಅದನ್ನೇ ಕಿತ್ತು ನೇರ ಕನೆಕ್ಷನ್ ಕೊಡುತ್ತಾರೆ. ಆದರೆ ಅದು ಪದೇ ಪದೇ ಯಾಕೆ ಟ್ರಿಪ್ ಆಗುತ್ತಿತ್ತು ಅಂತ ಕೇಳುವವರು ಬೇಕಲ್ಲವೇ?

ಗ್ರಿಡ್ ಅಂದರೆ ಎಲ್ಲರಿಗೂ ನೆನಪಾಗುವುದು ದೊಡ್ಡ ಟವರ್ ಲೈನ್. 2012ರ ಜುಲೈ 31ರಂದು ಉತ್ತರ ಭಾರತದ ಕಡೆ ಗ್ರಿಡ್ ಬಿದ್ದು ಸುಮಾರು 60 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ. ಆಗ ದಕ್ಷಿಣದ ಗ್ರಿಡ್ ಬೇರೆ ಇತ್ತು, ನಾವು ಬಚಾವ್ ಆದೆವು. 2013ರ ಡಿಸೆಂಬರ್ 31ರಂದು ನಮ್ಮ ಪಕ್ಕದ ರಾಯಚೂರಿನಿಂದ ಸೋಲಾಪುರಕ್ಕೆ 765 ಕೆವಿ ಲೈನ್ ಜೋಡಿಸಿದ ಮೇಲೆ ದೇಶಕ್ಕೆಲ್ಲ ಒಂದೇ ಗ್ರಿಡ್ ಆಯಿತು. ಅಂಥ ಲೈನಿಗೆ ತೊಂದರೆಯಾದ ಕೂಡಲೇ ತಾನೇ ಕರೆಂಟ್ ನಿಲ್ಲಿಸುವ ರಿಲೇ, ಬ್ರೇಕರ್, ಹಗಲೂ ರಾತ್ರಿ ಕಾಯುವ ಕಂಟ್ರೋಲ್ ರೂಮ್ ಎಲ್ಲ ಇದೆ. ಊರೊಳಗಿನ ಲೈನಿಗೆ ಇರುವುದು ಹಲವು ಹಳ್ಳಿ ಸುತ್ತುವ ಒಬ್ಬ ಲೈನ್‌ಮನ್, ಅವನ ಬೈಕು, ಒಂದು ಕಟಿಂಗ್ ಪ್ಲೇಯರ್. ಪಾಪ, ಅವನ ಕೈಗೆ ಗ್ಲೌಸ್ ಕೂಡ ಇರುವುದಿಲ್ಲ.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷ ವರ್ಷ ಹೀಗಾದರೆ ಕಂಬ ನೆಟ್ಟಗೆ ಹೇಗೆ ನಿಲ್ಲಬೇಕು? ಕಂಬ ವಾಲಿದ ಕಡೆ ತಂತಿ ಜೋತು ಬೀಳುತ್ತದೆ. ರಸ್ತೆ ದಾಟುವ ಎಲ್‌ಟಿ (ಮನೆ, ಪಂಪಿಗೆ ಬರುವ ಕಡಿಮೆ ವೋಲ್ಟೇಜಿನ) ತಂತಿ ನೆಲದಿಂದ 5.8 ಮೀಟರ್ ಮೇಲಿರಬೇಕು ಅಂತ ನಿಯಮ ಇದೆ. ಹತ್ತಿ ಸುಗ್ಗಿಯಲ್ಲಿ ನಮ್ಮ ಕಡೆಯ ಹೊಲದ ದಾರಿಗೆ ಬಂದು ನೋಡಿ. ಹತ್ತಿ ಹೇರಿದ ಟ್ರ್ಯಾಕ್ಟರಿನ ಮೇಲೆ ಒಬ್ಬ ಹುಡುಗ ಕೋಲು ಹಿಡಿದು ಕೂತಿರುತ್ತಾನೆ. ತಂತಿ ಅಡ್ಡ ಬಂದಾಗ ಎತ್ತಿ ಹಿಡಿಯುವುದೇ ಅವನ ಕೆಲಸ. ಕೋಲು ಇಬ್ಬನಿಗೆ ಹಸಿಯಾಗಿದ್ದರೆ ಅವನ ಗತಿ ಏನು? ಎರಡು ತಂತಿ ತಾಗಿ ಒಂದು ಕಿಡಿ ಹಾರಿದರೂ ಸಾಕು, ಗಾಡಿ ಹತ್ತಿ ಪೂರ್ತಿ ಹೋಯಿತು.

ಟಿಸಿಯ ಕಥೆ ಇನ್ನೊಂದು. 63 ಕೆವಿಎ ಕೆಪಾಸಿಟಿಯ ಟಿಸಿ ಒಂದು ಫೇಜಿಗೆ ಕೊಡುವುದು ಸುಮಾರು 84 ಆಂಪಿಯರ್. 5 ಎಚ್‌ಪಿ ಪಂಪ್ ಒಂದೊಂದೂ ಏಳೆಂಟು ಆಂಪಿಯರ್ ಎಳೆಯುತ್ತದೆ. ಅದಕ್ಕೆ ಎಷ್ಟು ಪಂಪ್ ಜೋಡಿಸಬಹುದು ಅಂತ ಲೆಕ್ಕ ನೀವೇ ಹಾಕಿ. ಆಮೇಲೆ ಯಾವುದಾದರೂ ಹೊಲದ ಟಿಸಿ ಕೆಳಗೆ ನಿಂತು ವೈರ್ ಎಣಿಸಿ. ತ್ರೀ ಫೇಜ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇರುವ ಪಂಪುಗಳೆಲ್ಲ ಒಂದೇ ಏಟಿಗೆ ಏಳುತ್ತವೆ. ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಬೇಕು. ಒಳಗಿನ ಸುರುಳಿಗೆ ಇರುವುದು ಕಾಗದದ ಹೊದಿಕೆ, ಸುತ್ತ ಎಣ್ಣೆ. ಬಿಸಿ ಮಿತಿ ದಾಟಿ ಆರೇಳು ಡಿಗ್ರಿ ಏರಿದರೆ ಆ ಕಾಗದದ ಆಯುಷ್ಯ ಅರ್ಧ ಆಗುತ್ತದೆ. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ, ಎಣ್ಣೆ ಸೋರಿ ಕಡಿಮೆಯಾದ ಹಳೇ ಟಿಸಿ ಎಷ್ಟು ದಿನ ತಡೆದೀತು? ಸುಟ್ಟ ಮೇಲೆ ರೈತರೇ ದುಡ್ಡು ಕೂಡಿಸಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ, ರಿಪೇರಿಯಾದ ಅಷ್ಟೇ ಕೆಪಾಸಿಟಿಯ ಇನ್ನೊಂದನ್ನು ತರುತ್ತಾರೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ರಗಳೆ.

ಟಿಸಿ, ಮೋಟಾರ್ ಸುಟ್ಟರೆ ದುಡ್ಡಿನ ನಷ್ಟ. ಅರ್ಥಿಂಗ್ (ನೆಲಕ್ಕೆ ಕೊಟ್ಟ ಜೋಡಣೆ) ಮತ್ತು ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಹಾಳಾದರೆ ಜೀವವೇ ಹೋಗುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು. ಹಾಕುವವರಿಲ್ಲ. ಪಟ್ಟಿ ತುಕ್ಕು ಹಿಡಿದು ನೆಲದ ಹತ್ತಿರವೇ ತುಂಡಾಗಿರುತ್ತದೆ. ಒಮ್ಮೆ ನಮ್ಮ ಓಣಿಯಲ್ಲಿ ನ್ಯೂಟ್ರಲ್ ಕಡಿಯಿತು. ಈ ಸಾಲಿನ ಮನೆಗಳಲ್ಲಿ ಬಲ್ಬ್ ಧಗ್ಗನೆ ಉರಿದವು, ಎದುರು ಸಾಲಿನಲ್ಲಿ ಮಿಣಮಿಣ. 230 ಇರಬೇಕಾದ ವೋಲ್ಟೇಜ್ ಹೀಗಾದಾಗ 400ರ ಹತ್ತಿರ ಹೋಗಬಹುದು. ಟಿವಿ, ಫ್ರಿಜ್ ಸುಟ್ಟು ಹೋದವು. ಯಾರೂ ಸಾಯಲಿಲ್ಲ, ಅಷ್ಟೇ ಪುಣ್ಯ.

ತಂತಿ ಕಡಿದು ಬಿದ್ದರೆ ಫ್ಯೂಜ್ ಹೋಗಿಯೇ ಹೋಗುತ್ತದೆ ಅಂತ ಜನ ನಂಬಿದ್ದಾರೆ. ದಯವಿಟ್ಟು ನಂಬಬೇಡಿ. ಒಣ ನೆಲ, ಕಾಂಕ್ರೀಟ್, ಫರ್ಸಿ ಕಲ್ಲಿನ ಮೇಲೆ ಬಿದ್ದರೆ ಫ್ಯೂಜ್ ಹೋಗುವಷ್ಟು ಕರೆಂಟ್ ನೆಲಕ್ಕೆ ಹರಿಯುವುದಿಲ್ಲ. ತಂತಿ ಸುಮ್ನೆ ಬಿದ್ದಿರುತ್ತದೆ, ಜೀವಂತವಾಗಿ. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಫುಟ್‌ಪಾತಿನಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸತ್ತರು. ರಾಜಧಾನಿಯಲ್ಲೇ ಹೀಗಾದರೆ ನಮ್ಮ ಹೊಲದ ಬದುವಿನ ಪಾಡು ಕೇಳಬೇಕೇ? ಬಿದ್ದ ತಂತಿ ಕಂಡರೆ ದೂರ ನಿಂತು, ಬೇರೆಯವರನ್ನೂ ತಡೆದು, ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಎಲ್ಲ ಲೈನನ್ನೂ ಒಂದೇ ವರ್ಷದಲ್ಲಿ ಬದಲಿಸಿ ಅಂತ ನಾನು ಕೇಳುವುದಿಲ್ಲ, ಅದು ಆಗುವ ಮಾತಲ್ಲ. ಪ್ರತಿ ಟಿಸಿ ಕಂಬಕ್ಕೆ ಹೇಗೂ ಬಣ್ಣದಲ್ಲಿ ನಂಬರ್ ಬರೆದಿರುತ್ತಾರೆ. ಅದರ ಕೆಳಗೆ ಇನ್ನೆರಡು ಸಾಲು ಬರೆಯಲಿ: ಎಣ್ಣೆ ನೋಡಿದ ತಾರೀಖು, ಅರ್ಥಿಂಗ್ ಅಳೆದ ತಾರೀಖು. ಬಸ್ಸಿಗೆ ಕಾಯುವವನೂ ಓದುವಂತಿರಲಿ. ತಾರೀಖು ಹಳೆಯದಾದರೆ ಗ್ರಾಮಸಭೆಯಲ್ಲಿ ಎದ್ದು ಕೇಳುವುದಕ್ಕೆ ಒಂದು ಆಧಾರ ಸಿಗುತ್ತದೆ. ಈಗ ಕೇಳಿದರೆ ‘ಮೊನ್ನೆ ತಾನೇ ನೋಡಿದ್ದೇವೆ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಈ ಕೆಲಸ ಮುಂಗಾರಿಗೆ ಮೊದಲು, ಶಾಲೆ ಮತ್ತು ಅಂಗನವಾಡಿ ಪಕ್ಕದ ಟಿಸಿಗಳಿಂದ ಶುರುವಾಗಲಿ. ಅಲ್ಲಿನ ಎಷ್ಟೋ ಫ್ಯೂಜ್ ಪೆಟ್ಟಿಗೆಗಳು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿವೆ. ಬಾಗಿಲಂತೂ ಇಲ್ಲವೇ ಇಲ್ಲ.

– ಒಬ್ಬ ರಿವೈಂಡಿಂಗ್ ಕೆಲಸಗಾರ, ಜೇವರ್ಗಿ, ಕಲಬುರಗಿ ಜಿಲ್ಲೆ