ಪೆಟ್ಟಿಗೆಯ ಮೇಲೆ ಆಯುಷ್ಯವನ್ನೂ ಮುದ್ರಿಸಲಿ

ಮಾನ್ಯ ಸಂಪಾದಕರೇ,

ಅಂತರ್ಜಾಲದ ನಾಳೆಗಳ ಮಾತು ಬಂದಾಗಲೆಲ್ಲ ಚರ್ಚೆ ವೇಗದ ಸುತ್ತಲೇ ಗಿರಕಿ ಹೊಡೆಯುತ್ತದೆ. 5ಜಿ ಆಯಿತು, 6ಜಿ ಯಾವಾಗ ಎಂದು ಕೇಳುವ ಉತ್ಸಾಹದಲ್ಲಿ, ಬಾಗಿಲಿನ ಬೀಗ, ವಿದ್ಯುತ್ ಮೀಟರು, ರೋಗಿಯ ಎದೆಬಡಿತ ಅಳೆಯುವ ಯಂತ್ರ ಎಲ್ಲವೂ ಜಾಲಕ್ಕೆ ಕಟ್ಟುಬಿದ್ದ ಮೇಲೆ ಅವು ಎಷ್ಟು ವರ್ಷ ಬಾಳುತ್ತವೆ, ಆ ಆಯುಷ್ಯವನ್ನು ನಿರ್ಧರಿಸುವವರು ಯಾರು ಎಂಬುದನ್ನು ನಾವು ವಿಚಾರಿಸುತ್ತಲೇ ಇಲ್ಲ.

ಹಿಂದೆ ಬೀಗ ಕೆಡುತ್ತಿದ್ದುದು ತುಕ್ಕು ಹಿಡಿದಾಗ. ಈಗಿನದು, ಲೋಹ ಗಟ್ಟಿಯಾಗಿಯೇ ಇದ್ದರೂ, ಎಲ್ಲೋ ದೂರದ ಸರ್ವರ್ ನಿಂತ ದಿನ ಕೆಡಬಹುದು. ರಿವಾಲ್ವ್ ಎಂಬ ಗೃಹ ನಿಯಂತ್ರಣ ಸಾಧನವನ್ನು ತಯಾರಿಸುತ್ತಿದ್ದ ಕಂಪನಿಯನ್ನು 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕಂಪನಿ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆ ಸ್ಥಗಿತಗೊಂಡಾಗ, ಯಾವ ಭಾಗವೂ ಸವೆಯದಿದ್ದ ಆ ಯಂತ್ರಗಳು ಕೆಲಸಕ್ಕೆ ಬಾರದ ಡಬ್ಬಿಗಳಾದವು. 2022ರಲ್ಲಿ ಅಮೆರಿಕದ ದೂರಸಂಪರ್ಕ ಕಂಪನಿಗಳು 3ಜಿ ಜಾಲವನ್ನು ಮುಚ್ಚಿದಾಗ ಅನೇಕ ಹಳೆಯ ಕಾರುಗಳು ತುರ್ತು ಕರೆಯ ಸೌಲಭ್ಯವನ್ನು ಕಳೆದುಕೊಂಡವು. (ನನ್ನ ಬಳಿಯೂ ಒಂದು ತೂಕದ ಯಂತ್ರವಿದೆ, ಖಾತೆ ತೆರೆದು ಲಾಗಿನ್ ಆಗದ ಹೊರತು ಅದು ನನ್ನ ತೂಕವನ್ನು ನನಗೇ ಹೇಳಲು ಒಪ್ಪುವುದಿಲ್ಲ.)

ಬೇಗ ಸಾಯುವ ಯಂತ್ರ ಒಂದು ತೊಂದರೆಯಾದರೆ, ತಯಾರಕ ಕೈಬಿಟ್ಟ ಮೇಲೂ ಜಾಲದಲ್ಲಿ ಉಳಿದುಬಿಡುವ ಯಂತ್ರ ಅದಕ್ಕಿಂತ ದೊಡ್ಡ ತೊಂದರೆ. 2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗದೆ ಹೋದದ್ದು ಮಿರಾಯ್ ಎಂಬ ಕುತಂತ್ರಾಂಶದಿಂದ. ಅದು ವಶಪಡಿಸಿಕೊಂಡದ್ದು, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಸಾಮಾನ್ಯ ಕ್ಯಾಮೆರಾ, ರೂಟರ್ ಮತ್ತು ವಿಡಿಯೊ ರೆಕಾರ್ಡರ್‌ಗಳನ್ನು. ಅವೆಲ್ಲ ಒಮ್ಮೆಲೇ ಸುರಿಸಿದ ಕೋರಿಕೆಗಳ ಭಾರಕ್ಕೆ, ತಾಣಗಳ ವಿಳಾಸ ಹುಡುಕಿಕೊಡುವ ಸೇವೆಯೊಂದು ಕುಸಿಯಿತು. ಆ ಯಂತ್ರಗಳ ಒಡೆಯರಲ್ಲಿ ಹೆಚ್ಚಿನವರಿಗೆ ತಮ್ಮ ಮನೆಯ ವಸ್ತುವೊಂದು ಈ ದಾಳಿಯಲ್ಲಿ ಪಾಲ್ಗೊಂಡಿತೆಂಬ ಸುಳಿವೂ ಸಿಕ್ಕಿರಲಾರದು. ಮುಂದೆ 2038ರ ಜನವರಿ 19 ಬರಲಿದೆ: 1970ರ ಆರಂಭದಿಂದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುವ ಯಂತ್ರಗಳ ಲೆಕ್ಕ ಅಂದು ತುಂಬಿ, ಋಣಸಂಖ್ಯೆಗೆ ಹೊರಳಿ, ಗಡಿಯಾರ 1901ಕ್ಕೆ ಹಾರುತ್ತದೆ. ಇಂದು ಗೋಡೆಯೊಳಗೆ ಹುದುಗಿಸುವ ನಿಯಂತ್ರಕ ಅಂದಿಗೂ ಅಲ್ಲೇ ಇರುವ ಸಂಭವ ಧಾರಾಳವಾಗಿದೆ. ಅದನ್ನು ತಿದ್ದುವವರು ಇರುತ್ತಾರೆಯೇ ಎಂಬುದೇ ಸಂಶಯ.

ಕಾನೂನು ಈಗಷ್ಟೇ ಕಣ್ಣು ತೆರೆಯುತ್ತಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ಭದ್ರತಾ ಪರಿಷ್ಕರಣೆ (ಅಪ್‌ಡೇಟ್) ಕನಿಷ್ಠ ಎಷ್ಟು ಕಾಲ ಸಿಗುತ್ತದೆಂಬುದನ್ನೂ ತಿಳಿಸಬೇಕು. ಆದರೆ ಆ ಕಾಲ ಎಷ್ಟಿರಬೇಕೆಂದು ಕಾನೂನು ಹೇಳುವುದಿಲ್ಲ. ಯುರೋಪಿಯನ್ ಒಕ್ಕೂಟದ ಕಾಯ್ದೆ 2027ರ ಡಿಸೆಂಬರ್‌ನಿಂದ ಪೂರ್ಣವಾಗಿ ಅನ್ವಯವಾದಾಗ ಸಾಮಾನ್ಯವಾಗಿ ಕನಿಷ್ಠ ಐದು ವರ್ಷಗಳ ಭದ್ರತಾ ಬೆಂಬಲ ಕಡ್ಡಾಯವಾಗಲಿದೆ. ಫೋನಿಗೆ ಅದು ಸಾಕಾದೀತು. ಹದಿನೈದು ವರ್ಷ ಬಾಳಬೇಕಾದ ಫ್ರಿಜ್ಜಿಗೆ ಸಾಲದು.

ಅಂತರ್ಜಾಲದ ಮೂಲ ವಿನ್ಯಾಸದಲ್ಲಿ ಬುದ್ಧಿ ತುದಿಗಳಲ್ಲಿ, ಅಂದರೆ ಬಳಸುವವರ ಯಂತ್ರಗಳಲ್ಲಿ ಇತ್ತು, ಜಾಲ ಬರಿಯ ಹೊರೆಯಾಳಾಗಿತ್ತು. ಈಗ ತುದಿಯಲ್ಲಿರುವ ವಸ್ತುವನ್ನು ಪೆದ್ದಾಗಿಸಿ ಬುದ್ಧಿಯನ್ನೆಲ್ಲ ಕಂಪನಿಯ ದತ್ತಾಂಶ ಕೇಂದ್ರದಲ್ಲಿ ಇಡಲಾಗಿದೆ. ಕೈಗೆಟಕುವ ದೂರದ ದೀಪ ಹೊತ್ತಿಸಲು ಆಜ್ಞೆಯೊಂದು ಸಮುದ್ರ ದಾಟಿ ಬಂದರೂ ಆಶ್ಚರ್ಯವಿಲ್ಲ. ಇದು ತಂತ್ರಜ್ಞಾನದ ಅನಿವಾರ್ಯವೇನಲ್ಲ. 2022ರಲ್ಲಿ ಬಂದ ಮ್ಯಾಟರ್ ಎಂಬ ಮಾನದಂಡದಂತೆ, ಬೇರೆ ಬೇರೆ ಕಂಪನಿಗಳ ಸಾಧನಗಳು ಮನೆಯೊಳಗಿನ ಜಾಲದಲ್ಲೇ ಪರಸ್ಪರ ಮಾತಾಡಬಲ್ಲವು.

ಆದ್ದರಿಂದ, ಜಾಲಕ್ಕೆ ಜೋಡಣೆಯಾಗುವ ಪ್ರತಿಯೊಂದು ವಸ್ತುವಿನ ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ ಬೆಂಬಲ ಮುಗಿಯುವ ದಿನಾಂಕ ಇರಬೇಕು. ಸಂಪರ್ಕ ಕಡಿದಾಗಲೂ ಬೀಗ ಬೀಗವಾಗಿ, ದೀಪ ದೀಪವಾಗಿ ಕೆಲಸ ಮಾಡಬೇಕು. ಕಂಪನಿ ಸೇವೆಯನ್ನು ಕೈಬಿಡುವ ಮುನ್ನ, ಬೇರೊಂದು ತಂತ್ರಾಂಶದಿಂದ ಆ ಯಂತ್ರವನ್ನು ನಡೆಸಿಕೊಳ್ಳುವ ದಾರಿಯನ್ನು ಅದರ ಒಡೆಯನಿಗೆ ಬಿಟ್ಟುಕೊಡಬೇಕು. ಈ ಮೂರನೆಯದಕ್ಕೆ ತಯಾರಕರ ವಿರೋಧ ಹೆಚ್ಚಿರುವುದರಿಂದ, ಕಾನೂನು ರೂಪಿಸುವವರು ಅಲ್ಲಿಂದಲೇ ಆರಂಭಿಸುವುದು ಲೇಸು.

– ಓರ್ವ ಓದುಗ