ಸ್ಯಾಂಡಿಗೇಟ್ ಮೈದಾನದಲ್ಲಿ ಒಂದು ಮಳೆಯ ಶನಿವಾರ

ಶೆಫೀಲ್ಡ್
ನವೆಂಬರ್, ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪಯ್ಯನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವು, ಅಮ್ಮ, ಅಜ್ಜಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಬೆಳಿಗ್ಗೆ ಫೋನಿನಲ್ಲಿ ನನ್ನ ಗಂಟಲು ಕಟ್ಟಿದ್ದನ್ನು ಕೇಳಿ ಅಮ್ಮ ಗಾಬರಿಯಾದರು. ಅದು ನೆಗಡಿಯಷ್ಟೇ. ನಿನ್ನೆ ಮಳೆಯಲ್ಲಿ ನಿಂತು ಫುಟ್‌ಬಾಲ್ ನೋಡಿದ್ದೆ ಎಂದಾಗ ‘ಅಂಥದ್ದೇನಿತ್ತು ಅಲ್ಲಿ?’ ಎಂದು ನೀವು ಕೇಳಿದಿರಿ. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಟಿ.ವಿ.ಯಲ್ಲಿ ನೀವು ನೋಡುವ ಪ್ರೀಮಿಯರ್ ಲೀಗೂ ಸೇರಿ ಇಲ್ಲಿ ಇಂಗ್ಲೆಂಡಿನ ಮೇಲಿನ ನಾಲ್ಕು ದರ್ಜೆಗಳಲ್ಲಿ ಇರುವುದು 92 ಕ್ಲಬ್‌ಗಳು ಮಾತ್ರ. ಅವುಗಳ ಕೆಳಗೆ ಊರೂರುಗಳಲ್ಲಿ ನಡೆಯುವ ಆಟಕ್ಕೆ ‘ನಾನ್-ಲೀಗ್’ ಎನ್ನುತ್ತಾರೆ. ಅವಕ್ಕೂ ತಮ್ಮವೇ ಆದ ಲೀಗ್‌ಗಳಿವೆ, ಬಡ್ತಿ ಹಿಂಬಡ್ತಿಗಳಿವೆ. ಆದರೆ ನಿನ್ನೆ ಆಡಿದಂಥ ಕೆಳದರ್ಜೆಯ ತಂಡಗಳಲ್ಲಿ ಹೆಚ್ಚಿನವರು ವಾರವಿಡೀ ಬೇರೆ ಉದ್ಯೋಗ ಮಾಡಿ ಶನಿವಾರ ಮಧ್ಯಾಹ್ನ ಬೂಟು ಕಟ್ಟುವವರು.

ನಾನು ಹೋದದ್ದು ಊರಿನ ಪಶ್ಚಿಮದ ಗುಡ್ಡದ ಮೇಲಿರುವ ಹಾಲಮ್ ಕ್ಲಬ್ಬಿನ ಸ್ಯಾಂಡಿಗೇಟ್ ಮೈದಾನಕ್ಕೆ. ಜಗತ್ತಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಅತ್ಯಂತ ಹಳೆಯ ಫುಟ್‌ಬಾಲ್ ಮೈದಾನವೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿರುವುದು ಇದೇ. 1860ರ ಡಿಸೆಂಬರ್ 26ರಂದು, ನೆಲದ ಮೇಲೆ ಹಿಮ ಬಿದ್ದಿರುವಾಗಲೇ, ಹಾಲಮ್ ಇಲ್ಲಿ ಶೆಫೀಲ್ಡ್ ಕ್ಲಬ್ಬಿನ ಎದುರು ಆಡಿ ಎರಡು ಗೋಲುಗಳಿಂದ ಸೋತಿತು. 1857ರಲ್ಲಿ ಹುಟ್ಟಿದ ಆ ಶೆಫೀಲ್ಡ್ ಕ್ಲಬ್ ಇಂದಿಗೂ ಉಳಿದಿರುವ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯದು, ಮತ್ತು ಅದೂ ಇವತ್ತಿಗೆ ನಾನ್-ಲೀಗ್‌ನಲ್ಲಿಯೇ ಇದೆ. ಇದನ್ನು ತಿಳಿದಾಗ ಮನಸ್ಸಿಗೆ ಏನೋ ಒಂದು ಸಂತೋಷವಾಯಿತು.

ಮಳೆಯೆಂದರೆ ನಮ್ಮ ಆರಿದ್ರೆಯ ಜಡಿಮಳೆಯಂತೆ ನೇರವಾಗಿ ಸುರಿಯುವುದಲ್ಲ. ಗಾಳಿಯ ಜೊತೆ ಅಡ್ಡಡ್ಡ ಬಂದು ಮುಖಕ್ಕೆ ರಾಚುತ್ತದೆ. ಕೊಡೆ ಹಿಡಿದರೆ ಮಗುಚಿಹೋಗುತ್ತದೆ. ಗೊರಬು ಹಾಕಿಕೊಂಡು ನಾಟಿಗೆ ಇಳಿಯುವವರನ್ನು ನೆನೆದೆ, ಆದರೆ ಈ ಗಾಳಿಗೆ ಗೊರಬೂ ನಿಲ್ಲಲಾರದು. ಪಂದ್ಯ ನಡೆಯುವುದೇ ಅನುಮಾನವಿತ್ತು. ನಾನು ಬೇಗ ಹೋದದ್ದರಿಂದ ರೆಫ್ರಿ ಮೈದಾನ ಪರೀಕ್ಷಿಸುವುದನ್ನು ನೋಡಿದೆ. ಅವರು ಅಲ್ಲಲ್ಲಿ ಚೆಂಡನ್ನು ಮೇಲಿನಿಂದ ಬಿಟ್ಟು ಪುಟಿಯುತ್ತದೆಯೋ ನೋಡಿದರು, ಆಮೇಲೆ ಉರುಳಿಸಿ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿದರು. ಅಷ್ಟರಲ್ಲಿ ಕ್ಲಬ್ಬಿನ ನಾಲ್ಕೈದು ಜನ, ಅವರಲ್ಲಿ ಇಬ್ಬರು ನಿಮಗಿಂತ ಹಿರಿಯರು, ತೋಟದ ಕೆಲಸದ ಉದ್ದ ಮೊನೆಯ ಫೋರ್ಕ್‌ಗಳನ್ನು ತಂದು ನೀರು ನಿಂತಲ್ಲೆಲ್ಲ ನೆಲಕ್ಕೆ ಚುಚ್ಚಿ ಅಲುಗಾಡಿಸಿ ತೂತು ಮಾಡತೊಡಗಿದರು. ಈ ಮೈದಾನ ಕಣ್ಣಿಗೆ ಕಾಣುವಷ್ಟು ಇಳಿಜಾರಾಗಿದೆ. ಮೇಲಿನ ಭಾಗ ತಾನೇ ಬಸಿದುಕೊಂಡರೂ ಕೆಳಗಿನ ಮೂಲೆಯಲ್ಲಿ ನೀರು ಮಡುಗಟ್ಟುತ್ತದೆ. ತೋಟದ ಬಸಿಗಾಲುವೆ ಬಿಡಿಸುವಾಗ ‘ಮೊದಲು ನೀರು ಎತ್ತ ಹೋಗುತ್ತದೆ ನೋಡು, ಆಮೇಲೆ ಹಾರೆ ಹಿಡಿ’ ಎಂದು ನೀವು ಹೇಳುತ್ತಿದ್ದಿರಲ್ಲ, ಆ ಹಿರಿಯರು ಕೆಲಸ ಮಾಡುತ್ತಿದ್ದುದು ಹಾಗೆಯೇ. ಅವರಿಗೆ ಇದಕ್ಕೆ ಸಂಬಳವಿಲ್ಲ.

ಕೊನೆಗೆ ರೆಫ್ರಿ ಒಪ್ಪಿದರು. ಮೂರು ಗಂಟೆಗೆ ಆಟ ಶುರುವಾದಾಗ ಕಟಕಟೆಯ ಸುತ್ತ ಮುನ್ನೂರಕ್ಕೂ ಹೆಚ್ಚು ಜನ ನಿಂತಿದ್ದರು ಎಂದು ನನ್ನ ಅಂದಾಜು. ಮೊದಲರ್ಧದಲ್ಲಿ ಹಾಲಮ್ ಇಳಿಜಾರಿನ ಕಡೆಗೆ ಆಡಿ ಒಂದು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ದಿಬ್ಬವನ್ನೂ ಗಾಳಿಯನ್ನೂ ಎದುರಿಸಬೇಕಾಗಿ ಬಂತು. ಗೋಲ್‌ಕೀಪರ್ ಒದ್ದ ಚೆಂಡು ಅರ್ಧ ದಾರಿಗೆ ಹೋಗಿ ಹಿಂದಕ್ಕೇ ತೇಲಿ ಬಂದದ್ದನ್ನು ನಾನು ಮೊದಲ ಬಾರಿ ಕಂಡೆ. ಹತ್ತು ನಿಮಿಷ ಉಳಿದಿರುವಾಗ ಎದುರಾಳಿಗಳು ಸಮ ಮಾಡಿಕೊಂಡರು. ಆಮೇಲೆ ಒಮ್ಮೆ ಅವರು ಒದ್ದ ಚೆಂಡು ಖಾಲಿ ಗೋಲಿನತ್ತ ಉರುಳುತ್ತಾ ಬಂದು ಗೆರೆ ದಾಟಲು ಒಂದು ಗೇಣು ಇರುವಾಗಲೇ ಕೆಸರಿನಲ್ಲಿ ಹೂತು ನಿಂತಿತು. ಡಿಫೆಂಡರ್ ಒಬ್ಬ ಜಾರಿಕೊಂಡು ಬಂದು ಅದನ್ನು ಹೊರಗೆ ಒದ್ದಾಗ ನನ್ನ ಪಕ್ಕದ ಅಪರಿಚಿತರು ನನ್ನ ಭುಜ ಹಿಡಿದು ಕುಲುಕಿದರು. ಪಂದ್ಯ 1-1ರಲ್ಲಿ ಮುಗಿಯಿತು.

ಅಮ್ಮನಿಗೆ ಹೇಳಿ, ಹಸಿದುಕೊಂಡೇನೂ ಇರಲಿಲ್ಲ. ಇಲ್ಲಿ ಎಲ್ಲರೂ ಕುಡಿಯುವ ಬೋವ್ರಿಲ್ ದನದ ಮಾಂಸದ ಸಾರವಾದ್ದರಿಂದ ನಾನು ಮುಟ್ಟಲಿಲ್ಲ. ಚಹಾ ಕುಡಿದೆ, ಬಿಸಿ ಚಿಪ್ಸಿನ ಮೇಲೆ ಈ ಊರಿನದೇ ಆದ ಹೆಂಡರ್ಸನ್ಸ್ ರೆಲಿಷ್ ಸುರಿದುಕೊಂಡು ತಿಂದೆ. ಹುಳಿ, ಸಿಹಿ, ಮಸಾಲೆ ಕೂಡಿದ ಅದರ ರುಚಿಗೆ ನಮ್ಮ ಹುಣಿಸೆ ಗೊಜ್ಜು ನೆನಪಾಯಿತು.

ಜನ ಹೊರಡುವಾಗ ಆ ಹಿರಿಯರು ಮತ್ತೆ ಮೈದಾನಕ್ಕಿಳಿದು, ದೀಪಗಳು ಆರುವ ಮುನ್ನವೇ, ಬೂಟಿಗೆ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಅದರದರ ಜಾಗದಲ್ಲಿ ಕೂರಿಸಿ ಕಾಲಿನಿಂದ ಒತ್ತತೊಡಗಿದರು. ನಾನೂ ಬರಬಹುದೇ ಎಂದು ಕೇಳಿದೆ. ಕೆಳಗಿನ ಮೂಲೆಯನ್ನು ತೋರಿಸಿದರು. ಅರ್ಧ ಗಂಟೆ ಅಲ್ಲಿ ಕೆಲಸ ಮಾಡಿದ್ದರಿಂದಲೇ ನೆಗಡಿ ಹಿಡಿದಿರಬೇಕು. ಮುಂದಿನ ಶನಿವಾರ ಬೇಗ ಬಾ, ನಿನಗೂ ಒಂದು ಫೋರ್ಕ್ ಇಟ್ಟಿರುತ್ತೇವೆ ಎಂದಿದ್ದಾರೆ. ಹೋಗುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗ